ತಿಂಗಳಿಗೆ ಎರಡು ಜಿಬಿ ಕೂಡ ಮುಗಿಸದ ಅಮ್ಮನಿಗೆ ಯಾವ ರೀಚಾರ್ಜ್ ಹಾಕಿಸಲಿ?

ಹಾನುಬಾಳು ಅಮ್ಮು
ಜುಲೈ 8, 2025

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಕೆಲಸದಲ್ಲಿದ್ದೇನೆ. ಅಮ್ಮ ಒಬ್ಬರೇ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹತ್ತಿರ ಇದ್ದಾರೆ. ಒಂದಿಷ್ಟು ಕಾಫಿ, ಮೆಣಸು, ಎರಡು ಹಸು.

ಹೋದ ವಾರ ಊರಿಗೆ ಹೋದಾಗ ಅವರ ಫೋನಿನ ಸೆಟ್ಟಿಂಗ್ಸ್ ತೆಗೆದು ಡೇಟಾ ಎಷ್ಟು ಖರ್ಚಾಗಿದೆ ಅಂತ ನೋಡಿದೆ. ಇಡೀ ಜೂನ್ ತಿಂಗಳಿಗೆ 1.7 ಜಿಬಿ. ಹಾಕಿಸಿರುವುದು 349ರ ಪ್ಯಾಕ್. ದಿನಕ್ಕೆ ಒಂದೂವರೆ ಜಿಬಿ, 28 ದಿನ. ಅಂದರೆ 42 ಜಿಬಿಗೆ ದುಡ್ಡು ಕೊಟ್ಟು ಎರಡು ಜಿಬಿ ಕೂಡ ಮುಟ್ಟಿಲ್ಲ. ಯಾಕಮ್ಮಾ ಇದನ್ನೇ ಹಾಕಿಸಿದೆ ಅಂತ ಕೇಳಿದರೆ, "ಅಂಗಡಿ ಹುಡುಗ ಇದೇ ಅಂದ" ಅನ್ನುತ್ತಾರೆ.

ಅಮ್ಮನ ಬಳಕೆ ಇಷ್ಟೇ. ನನಗೆ ದಿನಾ ಫೋನ್. ವಾಟ್ಸಾಪ್‌ನಲ್ಲಿ ಕಾಫಿ ದರ, ಮೆಣಸಿನ ದರ, ಮೊಮ್ಮಗನ ಫೋಟೋ. ಅಪರೂಪಕ್ಕೆ ಒಂದು ವಿಡಿಯೋ ಕಾಲ್. ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಬ್ಯಾಂಕಿನ ಮೆಸೇಜ್ ನೋಡುವುದು. ಆಮೇಲೆ ಆನೆ ಮೆಸೇಜ್. ಈ ಕಡೆಯವರಿಗೆ ಅದೇನು ಅಂತ ಹೇಳಬೇಕಿಲ್ಲ, ಉಳಿದವರಿಗೆ ಹೇಳುವುದಾದರೆ ಹತ್ತಿರದಲ್ಲಿ ಆನೆ ಇದೆ ಅಂತ ಬರುವ ಎಚ್ಚರಿಕೆ.

ನಿಜವಾಗಿ ನಾನು ಬರೆಯಲು ಕೂತಿದ್ದೇ ಆ ಆನೆ ಮೆಸೇಜ್‌ನಿಂದ. ಜೂನ್‌ನಲ್ಲಿ ಅಮ್ಮನ ಪ್ಯಾಕ್ ಮುಗಿದಿದೆ. ಮಳೆ ಅಂತ ಪೇಟೆಗೆ ಹೋಗಿಲ್ಲ. ಆಮೇಲೆ ಒಳಗೆ ಬರುವ ಕರೆ, ಮೆಸೇಜ್ ಎರಡೂ ನಿಂತಿವೆ. ಒಂದು ದಿನ ಬೆಳಿಗ್ಗೆ ಹಾಲು ಕರೆದು ತೋಟದ ಕಡೆ ಹೊರಟವರನ್ನು ಪಕ್ಕದ ಮನೆಯವರು ಕೂಗಿ ನಿಲ್ಲಿಸಿದರಂತೆ. ಕೆಳಗಿನ ಗದ್ದೆ ಬಯಲಲ್ಲಿ ಐದು ಆನೆ. ಅಕ್ಕಪಕ್ಕದವರಿಗೆಲ್ಲ ರಾತ್ರಿಯೇ ಮೆಸೇಜ್ ಬಂದಿತ್ತು. ಅಮ್ಮನಿಗೆ ಬಂದಿರಲಿಲ್ಲ.

ಕಂಪನಿ ಹೆಸರು ಹೇಳುವುದಿಲ್ಲ. ಜಗಳ ಬೇಡ. ಕಡಿಮೆ ಡೇಟಾ ಸಾಕು, ಆದರೆ ಸಿಮ್ ಯಾವತ್ತೂ ಸಾಯಬಾರದು. ಅಂಥವರಿಗೆ ಏನಿದೆ?

ಅರಸೀಕೆರೆ ತೆಂಗಿನಕಾಯಿ
ಜುಲೈ 8

ಅಕ್ಕಾ, ಅಮ್ಮನಿಗೆ ಮಿಕ್ಕ 40 ಜಿಬಿಯನ್ನು ನನಗೆ ಕಳಿಸಿಕೊಡಿ. ನಾನು ಕಾಯಿ ಕಳಿಸುತ್ತೇನೆ.

ಬಿ.ಎಂ. ರಸ್ತೆ ಅಂಗಡಿ
ಜುಲೈ 8

ನಾನು ಹಾಸನದಲ್ಲಿ ಹದಿನಾಲ್ಕು ವರ್ಷದಿಂದ ರೀಚಾರ್ಜ್ ಅಂಗಡಿ ಇಟ್ಟಿದ್ದೇನೆ. ಅಂಗಡಿ ಹುಡುಗನನ್ನು ಬೈಯುವ ಮೊದಲು ಒಂದು ಮಾತು ಕೇಳಿ, ಅಮ್ಮು ಅವರೇ. ನಮಗೆ ನೂರಕ್ಕೆ ಸಿಗುವುದು ಚಿಲ್ಲರೆ. 349 ಹಾಕಿದರೂ 199 ಹಾಕಿದರೂ ದೊಡ್ಡ ವ್ಯತ್ಯಾಸ ಇಲ್ಲ. ಸಮಸ್ಯೆ ಬೇರೆ. ಕಡಿಮೆ ಪ್ಯಾಕ್ ಹಾಕಿದ ಮೇಲೆ ನಾಲ್ಕು ದಿನಕ್ಕೆ ಗಿರಾಕಿ ಬಂದು "ನೆಟ್ ಖಾಲಿ ಆಯ್ತು, ಮೋಸ ಮಾಡಿದೆ" ಅಂತ ಕೂಗಾಡುತ್ತಾರೆ. ಮನೆಯಲ್ಲಿ ಮೊಮ್ಮಗ ಅಜ್ಜಿ ಫೋನಿನಲ್ಲಿ ರೀಲ್ಸ್ ನೋಡಿರುತ್ತಾನೆ, ಬೈಗುಳ ನಮಗೆ. ಅದಕ್ಕೇ ಹುಡುಗರು ಕಣ್ಣು ಮುಚ್ಚಿ ದಿನಕ್ಕೆ ಒಂದೂವರೆ ಜಿಬಿಯದ್ದು ಹಾಕಿಬಿಡುತ್ತಾರೆ.

ಕಡಿಮೆ ಡೇಟಾದ ಪ್ಯಾಕ್ ಇವೆ. ಏರ್‌ಟೆಲ್‌ನಲ್ಲಿ 199ಕ್ಕೆ 28 ದಿನ, ಒಟ್ಟು 2 ಜಿಬಿ. ಜಿಯೋದಲ್ಲಿ 189ಕ್ಕೆ 28 ದಿನ, ಒಟ್ಟು 2 ಜಿಬಿ. ಕರೆ ಎಷ್ಟು ಬೇಕಾದರೂ ಮಾಡಬಹುದು. ಆಪ್ ತೆಗೆದರೆ ಮೊದಲು ಕಾಣುವುದು ದೊಡ್ಡ ಪ್ಯಾಕ್‌ಗಳೇ. ಇವನ್ನು ನೋಡಬೇಕೆಂದರೆ ಕೆಳಗೆ, ಪಕ್ಕಕ್ಕೆ ಹುಡುಕಬೇಕು. ಅಂಗಡಿಗೆ ಬಂದರೆ ಬಾಯಿಬಿಟ್ಟು "ಒಟ್ಟು ಎರಡು ಜಿಬಿದು ಹಾಕಪ್ಪಾ" ಅನ್ನಿ. ಹಾಕುತ್ತಾರೆ.

ಲೆಕ್ಕದ ಮೇಷ್ಟ್ರು
ಜುಲೈ 9

ಚನ್ನರಾಯಪಟ್ಟಣದಿಂದ ನಮಸ್ಕಾರ. ನಿವೃತ್ತನಾಗಿದ್ದೇನೆ, ಹೊತ್ತು ಹೋಗುವುದಿಲ್ಲ. ಲೆಕ್ಕ ಹಾಕಿದೆ.

ನಿಮ್ಮ ತಾಯಿ ಕೊಡುತ್ತಿರುವ 349ರಲ್ಲಿ ಪ್ಯಾಕ್ ಪ್ರಕಾರ ಒಂದು ಜಿಬಿಗೆ ಎಂಟು ರೂಪಾಯಿ ಚಿಲ್ಲರೆ. ಬಹಳ ಅಗ್ಗ ಅನ್ನಿಸುತ್ತದೆ. ಆದರೆ ಅವರು ಬಳಸಿದ್ದು 1.7 ಜಿಬಿ. ಆ ಲೆಕ್ಕದಲ್ಲಿ ಒಂದು ಜಿಬಿಗೆ 205 ರೂಪಾಯಿ ಬಿತ್ತು. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆ ಟ್ರಾಯ್ ಲೆಕ್ಕದಲ್ಲಿ 2014ರಲ್ಲಿ ದೇಶದಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇತ್ತು. 2018ರ ಹೊತ್ತಿಗೆ ಅದು 12 ರೂಪಾಯಿಯ ಆಸುಪಾಸಿಗೆ ಬಂತು. ನಿಮ್ಮ ತಾಯಿ ಮಾತ್ರ ಇನ್ನೂ 2014ರ ಪಕ್ಕದಲ್ಲೇ ಇದ್ದಾರೆ!

ಹಾಗಾಗಿ ಜಿಬಿ ಲೆಕ್ಕ ಬಿಡಿ. ದಿನದ ಲೆಕ್ಕ ಹಿಡಿಯಿರಿ. ಕಡಿಮೆ ಬಳಸುವವರು ಕೊಳ್ಳುವುದು ಡೇಟಾ ಅಲ್ಲ, ದಿನ.

349ನ್ನು 28ರಿಂದ ಭಾಗಿಸಿದರೆ ದಿನಕ್ಕೆ 12 ರೂಪಾಯಿ 46 ಪೈಸೆ. 199ರ ಪ್ಯಾಕ್ ದಿನಕ್ಕೆ 7 ರೂಪಾಯಿ 11 ಪೈಸೆ. 189ರದ್ದು 6 ರೂಪಾಯಿ 75 ಪೈಸೆ. ಏರ್‌ಟೆಲ್‌ನಲ್ಲಿ 548ಕ್ಕೆ 84 ದಿನ, 7 ಜಿಬಿ ಅಂತ ಒಂದಿದೆ. ಅದು ದಿನಕ್ಕೆ 6 ರೂಪಾಯಿ 52 ಪೈಸೆ. ಅವರದ್ದೇ 2,249ರ ವರ್ಷದ ಪ್ಯಾಕ್‌ನಲ್ಲಿ 30 ಜಿಬಿ, 365 ದಿನ. ದಿನಕ್ಕೆ 6 ರೂಪಾಯಿ 16 ಪೈಸೆ. ಎರಡರಲ್ಲೂ ಡೇಟಾ ಒಟ್ಟಾರೆ ಕೊಟ್ಟಿರುತ್ತಾರೆ, ಇವತ್ತಿನದು ಇವತ್ತೇ ಮುಗಿಸಬೇಕು ಅಂತ ಇಲ್ಲ. ನಿಮ್ಮ ತಾಯಿಗೆ ಇದೇ ಮುಖ್ಯ.

ಇನ್ನೊಂದು. 28 ದಿನದ್ದು ಹಾಕಿಸಿದರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ. 28 ಗುಣಿಸು 13, 364 ದಿನ. ಸಂಬಳ, ಪಿಂಚಣಿ 12 ಸಲ ಬರುತ್ತದೆ, ರೀಚಾರ್ಜ್ 13 ಸಲ ಬರುತ್ತದೆ. ಈ ಬಗ್ಗೆ ದೂರು ಜಾಸ್ತಿಯಾಗಿ 2022ರ ಜನವರಿಯಲ್ಲಿ ಟ್ರಾಯ್ ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವಂಥದ್ದೊಂದು ಪ್ಯಾಕ್ ಇಡಲೇಬೇಕು. ಇಟ್ಟಿದ್ದಾರೆ. ಆದರೆ ಅಂಗಡಿಯಲ್ಲಿ ಅದನ್ನು ಕೇಳಿ ಹಾಕಿಸಿದವರನ್ನು ನಾನಂತೂ ನೋಡಿಲ್ಲ.

ಸಾಲಗಾಮೆ ರಸ್ತೆ ಹಾಸ್ಟೆಲ್
ಜುಲೈ 9

ದಿನಕ್ಕೆ ಐದು ರೂಪಾಯಿ ಉಳಿಸೋಕೆ ಇಷ್ಟೊಂದು ಲೆಕ್ಕನಾ ಸರ್? ಒಂದು ಟೀ ಕೂಡ ಬರಲ್ಲ.

ಲೆಕ್ಕದ ಮೇಷ್ಟ್ರು
ಜುಲೈ 9

ಮರಿ, ನಿನ್ನ ರೀಚಾರ್ಜ್ ಯಾರು ಹಾಕಿಸುತ್ತಾರೆ?

ಸಾಲಗಾಮೆ ರಸ್ತೆ ಹಾಸ್ಟೆಲ್
ಜುಲೈ 9

ಅಪ್ಪ.

ಆಲೂರು ಶುಂಠಿ
ಜುಲೈ 9

ಹಾಗಾದರೆ ನಿನ್ನ ಅಪ್ಪನ ಪರವಾಗಿ ನಾನು ಹೇಳುತ್ತೇನೆ ತಮ್ಮಾ. ನಮ್ಮ ಮನೆಯಲ್ಲಿ ನಾಲ್ಕು ಸಿಮ್. ನಾಲ್ಕಕ್ಕೂ 349 ಹಾಕಿಸಿದರೆ ವರ್ಷಕ್ಕೆ 18,148 ರೂಪಾಯಿ. ಶುಂಠಿಗೆ ರೇಟ್ ಬಿದ್ದ ವರ್ಷ ಈ ದುಡ್ಡು ಕೈಯಲ್ಲಿದ್ದರೆ ಗೊಬ್ಬರಕ್ಕೆ ಆಗುತ್ತಿತ್ತು.

ನಾವು ಈಗ ಒಂದೇ ಫೋನಿಗೆ ದೊಡ್ಡ ಪ್ಯಾಕ್, ಅದು ಮಗನದ್ದು. ಸಂಜೆ ಅವನು ಮನೆಗೆ ಬಂದ ಮೇಲೆ ಹಾಟ್‌ಸ್ಪಾಟ್ ಹಾಕುತ್ತಾನೆ, ಎಲ್ಲರೂ ಅದರಲ್ಲೇ ವಾಟ್ಸಾಪ್ ನೋಡುತ್ತೇವೆ. ಉಳಿದ ಮೂರಕ್ಕೆ ಬರೀ ಕರೆ ಮಾಡುವ ಪ್ಯಾಕ್. ಏರ್‌ಟೆಲ್‌ನಲ್ಲಿ 469ಕ್ಕೆ 84 ದಿನ. ಜಿಯೋದಲ್ಲಿ 448ಕ್ಕೆ 84 ದಿನ. ವರ್ಷದ್ದೂ ಇದೆ, ಏರ್‌ಟೆಲ್ 1,849ಕ್ಕೆ 365 ದಿನ, ಜಿಯೋ 1,748ಕ್ಕೆ 336 ದಿನ. ನೋಡಿ, ಒಂದು ಕಂಪನಿಗೆ ವರ್ಷ ಅಂದರೆ 365, ಇನ್ನೊಂದಕ್ಕೆ 336. ಬೆಲೆ ಮಾತ್ರ ನೋಡಿ ಹಾಕಿಸಬೇಡಿ.

ಒಂದೇ ತಾಪತ್ರಯ. ಮಗ ಬರುವುದು ತಡವಾದರೆ ನನ್ನ ಹೆಂಡತಿ ಬಾಗಿಲಲ್ಲೇ ಕಾಯುತ್ತಿರುತ್ತಾಳೆ. ಅವನಿಗಲ್ಲ, ಹಾಟ್‌ಸ್ಪಾಟ್‌ಗೆ.

ಹಾನುಬಾಳು ಅಮ್ಮು
ಜುಲೈ 9

ಮೇಷ್ಟ್ರೇ, ಶುಂಠಿ ಅಣ್ಣಾ, ಥ್ಯಾಂಕ್ಸ್. ಬರೀ ಕರೆಯ ಪ್ಯಾಕ್ ಚೆನ್ನಾಗಿದೆ, ಆದರೆ ಅಮ್ಮನ ಮನೆಯಲ್ಲಿ ಹಾಟ್‌ಸ್ಪಾಟ್ ಕೊಡುವವರು ಯಾರೂ ಇಲ್ಲ. ಮತ್ತೆ ಡೇಟಾನೇ ಇಲ್ಲದ ಪ್ಯಾಕ್‌ಗೂ ಡೇಟಾ ಇರುವ ಪ್ಯಾಕ್‌ಗೂ ಇಷ್ಟೇನಾ ವ್ಯತ್ಯಾಸ? 469 ಎಲ್ಲಿ, 548 ಎಲ್ಲಿ. 79 ರೂಪಾಯಿ ಅಷ್ಟೇ.

ಬೆಂಗಳೂರು ಪಾಲಾದವನು
ಜುಲೈ 9

ಊರು ಹೊಳೆನರಸೀಪುರ. ಟೆಲಿಕಾಂ ಕ್ಷೇತ್ರದಲ್ಲೇ ಕೆಲಸ. ಅಮ್ಮು ಅವರೇ, ಆ 79 ರೂಪಾಯಿಯಲ್ಲೇ ಇಡೀ ಕಥೆ ಇದೆ.

ಹಿಂದಿನ ವಿಷಯ ಸ್ವಲ್ಪ ಹೇಳುತ್ತೇನೆ. 2024ರ ಜುಲೈನಲ್ಲಿ ಎಲ್ಲ ಖಾಸಗಿ ಕಂಪನಿಗಳೂ ದರ ಏರಿಸಿದವು. ಆಗ ಏರ್‌ಟೆಲ್‌ನಲ್ಲಿ 84 ದಿನ, 6 ಜಿಬಿಯ ಪ್ಯಾಕ್ 509 ರೂಪಾಯಿ. ದೇಶದಲ್ಲಿ ಸುಮಾರು 15 ಕೋಟಿ ಜನ ಇನ್ನೂ ಬಟನ್ ಫೋನ್ ಬಳಸುತ್ತಾರೆ, ಅವರು ಬೇಡದ ಡೇಟಾಗೆ ಯಾಕೆ ದುಡ್ಡು ಕೊಡಬೇಕು ಅಂತ ಟ್ರಾಯ್ ಕೇಳಿತು. 2024ರ ಡಿಸೆಂಬರ್ 23ರಂದು ನಿಯಮ ಬಂತು. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಒಂದು ವೋಚರ್, ಅಂದರೆ ರೀಚಾರ್ಜ್ ಪ್ಯಾಕ್, ಆದರೂ ಎಲ್ಲರೂ ಕೊಡಬೇಕು. ವಿಶೇಷ ವೋಚರ್‌ಗಳ ಅವಧಿ 90 ದಿನಕ್ಕಿಂತ ಜಾಸ್ತಿ ಇರಬಾರದು ಅಂತಿದ್ದದ್ದನ್ನು 365 ದಿನಕ್ಕೆ ಏರಿಸಿದರು.

ಆಮೇಲೆ ಏನಾಯಿತು? ಜನವರಿಯಲ್ಲಿ 509ರ ಪ್ಯಾಕ್‌ನಿಂದ ಡೇಟಾ ತೆಗೆದು 499 ಅಂತ ಇಟ್ಟರು. 6 ಜಿಬಿ ಹೋಯಿತು, ಬೆಲೆ 10 ರೂಪಾಯಿ ಇಳಿಯಿತು. ಟ್ರಾಯ್ ಇವನ್ನು ಪರಿಶೀಲಿಸುತ್ತೇವೆ ಅಂದ ಮೇಲೆ 469ಕ್ಕೆ ಬಂತು. ಜಿಯೋದಲ್ಲೂ 458 ಇದ್ದದ್ದು 448 ಆಯಿತು. ಅಂದರೆ 84 ದಿನದ ಪ್ಯಾಕ್‌ನಲ್ಲಿ ಡೇಟಾದ ಪಾಲು ತೀರಾ ಕಡಿಮೆ. ಉಳಿದದ್ದೆಲ್ಲ ಸಿಮ್ ಜೀವಂತ ಇರುವುದಕ್ಕೆ ಕೊಡುವ ದುಡ್ಡು.

ಇದಕ್ಕೆ ಕಾರಣವೂ ಇದೆ. ಮೊದಲು ನಿಮ್ಮ ಅಮ್ಮನ ಫೋನಿಗೆ ಬೇರೆ ಕಂಪನಿಯಿಂದ ಕರೆ ಬಂದರೆ, ಆ ಕಂಪನಿ ಅಮ್ಮನ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡಬೇಕಿತ್ತು. 2009ರಲ್ಲಿ 20 ಪೈಸೆ, 2015ರಲ್ಲಿ 14 ಪೈಸೆ, 2017ರ ಅಕ್ಟೋಬರ್‌ನಿಂದ 6 ಪೈಸೆ. 2021ರ ಜನವರಿ 1ರಿಂದ ಸೊನ್ನೆ. ಹಳೇ ಕಾಲದಲ್ಲಿ ರೀಚಾರ್ಜ್ ಮಾಡಿಸದೆ ಬರೀ ಮಿಸ್ಡ್ ಕಾಲ್ ಕೊಟ್ಟುಕೊಂಡು, ಬಂದ ಕರೆ ಎತ್ತಿಕೊಂಡು ಇದ್ದವರಿಂದಲೂ ಕಂಪನಿಗೆ ನಾಲ್ಕು ಕಾಸು ಬರುತ್ತಿತ್ತು. 'ಲೈಫ್‌ಟೈಮ್ ಇನ್‌ಕಮಿಂಗ್' ಅಂತ 999ಕ್ಕೆ ಸಿಮ್ ಮಾರುತ್ತಿದ್ದದ್ದು ನೆನಪಿದೆಯಾ? ಆ ಲೆಕ್ಕ ಈಗ ನಡೆಯುವುದಿಲ್ಲ. 2018ರ ಕೊನೆಯಲ್ಲಿ 35 ರೂಪಾಯಿ ಕನಿಷ್ಠ ರೀಚಾರ್ಜ್ ಶುರುವಾಯಿತು. ಅದೇ 49, 79, 99, 155 ಅಂತ ಹತ್ತಿ ಈಗ 199. 99ರ ಪ್ಯಾಕ್ ಕರ್ನಾಟಕದಲ್ಲಿ ಹೋಗಿ 155 ಬಂದದ್ದು 2023ರ ಜನವರಿಯಲ್ಲಿ.

ಟವರ್ ಬಾಡಿಗೆ, ಡೀಸೆಲ್, ತರಂಗಾಂತರದ ಸಾಲ, ಇದ್ಯಾವುದೂ ಅಮ್ಮ ಎಷ್ಟು ಜಿಬಿ ಬಳಸಿದರು ಅಂತ ಕೇಳುವುದಿಲ್ಲ. ಅದಕ್ಕೇ ಕಂಪನಿ ದಿನ ಮಾರುತ್ತದೆ.

ಆಲೂರು ಶುಂಠಿ
ಜುಲೈ 9

ಅಣ್ಣಾ, ಖರ್ಚಿದೆ ಒಪ್ಪಿದೆ. ಆದರೆ ದಿನಕ್ಕೆ 3 ಜಿಬಿ ಹೀರುವವನೂ, 50 ಎಂಬಿ ಬಳಸುವವಳೂ ಒಂದೇ ಟವರ್ ಕೆಳಗೆ ಇರುತ್ತಾರೆ. ಸಂಜೆ ಏಳಕ್ಕೆ ನೆಟ್ ಸುತ್ತುತ್ತಾ ಕೂತರೆ ಅದು ಯಾರಿಂದ? ಹೊಸ ಟವರ್ ಯಾರಿಗಾಗಿ ಹಾಕುತ್ತಾರೆ? ಆ ಖರ್ಚನ್ನು ಇಬ್ಬರ ಮೇಲೂ ಹಂಚಿದರೆ 50 ಎಂಬಿಯವಳು ಇನ್ನೊಬ್ಬನ ಸಿನಿಮಾಗೆ ದುಡ್ಡು ಕೊಟ್ಟ ಹಾಗಾಯಿತು, ಅಲ್ವಾ?

ಬೆಂಗಳೂರು ಪಾಲಾದವನು
ಜುಲೈ 10

ಒಪ್ಪುತ್ತೇನೆ. ಆ ಮಾತನ್ನು ನಮ್ಮ ಆಫೀಸಿನಲ್ಲಿ ಜೋರಾಗಿ ಹೇಳಲಾರೆ ಅಷ್ಟೆ. ಮಾರ್ಚ್‌ಗೆ ಮುಗಿದ ಮೂರು ತಿಂಗಳಲ್ಲಿ ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಏರ್‌ಟೆಲ್‌ಗೆ 245, ಜಿಯೋಗೆ 206 ರೂಪಾಯಿ ಬಂದಿದೆ. 300 ಆಗಬೇಕು ಅಂತ ಏರ್‌ಟೆಲ್‌ನವರು ಬಹಿರಂಗವಾಗಿಯೇ ಹೇಳುತ್ತಾ ಬಂದಿದ್ದಾರೆ. ಸಣ್ಣ ಪ್ಯಾಕ್‌ನಲ್ಲಿ ಇರುವವರನ್ನು ಮೇಲಕ್ಕೆ ತಳ್ಳದೆ ಆ ಸರಾಸರಿ ಏರುವುದಿಲ್ಲ. ಟ್ರಾಯ್ ಕೂಡ ಮೊಬೈಲ್ ದರವನ್ನು ತಾನು ಕಟ್ಟುವುದಿಲ್ಲ. ಕಂಪನಿ ಕಟ್ಟಿ, ಏಳು ಕೆಲಸದ ದಿನದೊಳಗೆ ಟ್ರಾಯ್‌ಗೆ ತಿಳಿಸಿದರೆ ಆಯಿತು.

ಮೂಡಿಗೆರೆ ಮಳೆ
ಜುಲೈ 10

ಪಕ್ಕದ ಜಿಲ್ಲೆಯವನು ಬಾಯಿ ಹಾಕಬಹುದಾ? ನೀವೆಲ್ಲ ಎರಡೇ ಕಂಪನಿ ಹಿಡಿದು ಕೂತಿದ್ದೀರಿ. ಬಿಎಸ್‌ಎನ್‌ಎಲ್‌ನಲ್ಲಿ 1,198ಕ್ಕೆ ಒಂದು ವರ್ಷದ ಪ್ಯಾಕ್ ಇದೆ. ತಿಂಗಳಿಗೆ 300 ನಿಮಿಷ ಕರೆ, 3 ಜಿಬಿ, 30 ಎಸ್‌ಎಂಎಸ್. ಮೇಷ್ಟ್ರ ಲೆಕ್ಕದಲ್ಲಿ ದಿನಕ್ಕೆ 3 ರೂಪಾಯಿ 28 ಪೈಸೆ. ಕಡಿಮೆ ಬಳಸುವವರನ್ನು ಎದುರಿಗೆ ಕೂರಿಸಿಕೊಂಡು ಹೊಲಿದ ಅಂಗಿ ಇದ್ದ ಹಾಗಿದೆ. ಕರೆ ಮಾತ್ರ ಅನಿಯಮಿತ ಅಲ್ಲ. ನಿಮ್ಮ ಅಮ್ಮ ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡಿದರೆ ಕಷ್ಟ. ನಮ್ಮಮ್ಮ ಆಗಿದ್ದರೆ ಆ 300 ನಿಮಿಷವನ್ನು ನಾಲ್ಕು ದಿನದಲ್ಲಿ ಮುಗಿಸುತ್ತಿದ್ದರು.

ಆದರೆ ಯಾವ ಪ್ಯಾಕ್ ಆದರೂ ಮೊದಲು ಸಿಗ್ನಲ್ ನೋಡಿ. ಮಲೆನಾಡಲ್ಲಿ ಒಂದು ಗುಡ್ಡದ ಈ ಕಡೆ ಇರುವ ನೆಟ್‌ವರ್ಕ್ ಆ ಕಡೆ ಇರುವುದಿಲ್ಲ. ಟ್ರಾಯ್ ಹೇಳಿದ ಮೇಲೆ ಈಗ ಎಲ್ಲ ಕಂಪನಿಗಳೂ ತಮ್ಮ ಜಾಲತಾಣದಲ್ಲಿ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಅಂತ ನಕ್ಷೆ ಹಾಕಿವೆ. ನೋಡಿ. ನೋಡಿದ ಮೇಲೂ ನಂಬಬೇಡಿ. ಮನೆಗೆ ನೆಂಟರು ಬಂದಾಗ ಅವರ ಫೋನ್ ಇಸಿದುಕೊಂಡು ಅಡಿಗೆಮನೆ, ಕೊಟ್ಟಿಗೆ, ತೋಟದ ಮೂಲೆ ಎಲ್ಲ ಕಡೆ ನಿಂತು ಕಡ್ಡಿ ಎಣಿಸಿ. ಅದೂ ಕರೆಂಟ್ ಹೋಗಿ ಮೂರು ಗಂಟೆ ಆದ ಮೇಲೆ. ಆಗಲೂ ಕಡ್ಡಿ ಇದ್ದರೆ ಆ ಟವರ್‌ನ ಬ್ಯಾಟರಿ ಗಟ್ಟಿ ಇದೆ ಅಂತ ಅರ್ಥ. ನಮ್ಮ ಕಡೆ ಆಷಾಢದಲ್ಲಿ ಪ್ಯಾಕ್ ಮುಗಿಯುವ ಮೊದಲೇ ಟವರ್ ಮುಗಿದಿರುತ್ತದೆ.

ಕಂಪನಿ ಬದಲಿಸುವುದಾದರೆ ನಂಬರ್ ಹಾಗೇ ಇರುತ್ತದೆ. ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ಮೊಬೈಲ್ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿ. ಬರುವ ಕೋಡ್ ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಕೆಲವು ಸಣ್ಣ ಪ್ಯಾಕ್‌ಗಳಲ್ಲಿ ಎಸ್‌ಎಂಎಸ್ ಇರುವುದಿಲ್ಲ ಅಂತ ಹಿಂದೆ ಜನ ಸಿಕ್ಕಿಹಾಕಿಕೊಂಡಿದ್ದರು. ಯಾವ ಪ್ಯಾಕ್ ಇದ್ದರೂ 1900ಕ್ಕೆ ಮೆಸೇಜ್ ಹೋಗಲೇಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದೆ.

ಅರಸೀಕೆರೆ ತೆಂಗಿನಕಾಯಿ
ಜುಲೈ 10

20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಸಿಮ್ ಸಾಯಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ. ಅದನ್ನೇ ಮಾಡಿದರೆ ಆಯ್ತಪ್ಪ, ಇಷ್ಟೆಲ್ಲ ಯಾಕೆ?

ಬೆಂಗಳೂರು ಪಾಲಾದವನು
ಜುಲೈ 10

ಅದು ಅರ್ಧ ನಿಜ, ಹಾಗಾಗಿ ಜಾಸ್ತಿ ಅಪಾಯ. ನಿಯಮ 2013ರದ್ದು, ಈ ವರ್ಷ ಜನವರಿಯಲ್ಲಿ ಹೊಸದು ಅನ್ನೋ ಹಾಗೆ ಓಡಾಡಿತು. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಮಾತ್ರ ನಂಬರ್ ಕಿತ್ತುಕೊಳ್ಳಬಹುದು. ಆಗ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು 30 ದಿನ ಮುಂದೂಡುತ್ತಾರೆ. ಇದರಿಂದ ಉಳಿಯುವುದು ನಂಬರ್. ಕರೆ, ಮೆಸೇಜ್ ಬರುತ್ತದೆ ಅಂತ ಅರ್ಥ ಅಲ್ಲ. ಅಮ್ಮು ಅವರ ತಾಯಿಗೆ ಬೇಕಾಗಿರುವುದು ನಂಬರ್ ಅಲ್ಲ, ರಾತ್ರಿ ಬರುವ ಮೆಸೇಜ್.

ಬಿ.ಎಂ. ರಸ್ತೆ ಅಂಗಡಿ
ಜುಲೈ 10

ಇನ್ನೊಂದೆರಡು ವಿಷಯ, ದಿನಾ ಅಂಗಡಿಯಲ್ಲಿ ನೋಡುವಂಥದ್ದು.

ಜಿಯೋ ಭಾರತ್ ಅಂತ ಬಟನ್ ಫೋನ್ ಬಂತಲ್ಲ, 2023ರಲ್ಲಿ, 999 ರೂಪಾಯಿದು. ಅದಕ್ಕೆ ಮಾತ್ರ 123ರ ಪ್ಯಾಕ್ ಇದೆ. 28 ದಿನ, ದಿನಕ್ಕೆ ಅರ್ಧ ಜಿಬಿ. ಯುಪಿಐ ಕೂಡ ಮಾಡಬಹುದು. ಖಾಸಗಿಯಲ್ಲಿ ಇಷ್ಟು ಕಡಿಮೆ ನಾನು ಬೇರೆ ನೋಡಿಲ್ಲ. ಆದರೆ ಆ ಸಿಮ್ ತೆಗೆದು ಸ್ಮಾರ್ಟ್‌ಫೋನಿಗೆ ಹಾಕಿದರೆ ಆ ಪ್ಯಾಕ್ ನಡೆಯುವುದಿಲ್ಲ. ನಿಮ್ಮಮ್ಮನಿಗೆ ಈಗಾಗಲೇ ಸ್ಮಾರ್ಟ್‌ಫೋನ್ ಇರುವುದರಿಂದ ಬೇಡ. ಫೋನೇ ಹೊಸದಾಗಿ ತಗೊಳ್ಳುವ ಅಜ್ಜ ಅಜ್ಜಿಯರಿಗೆ ನಾನು ಇದನ್ನೇ ಕೊಡುವುದು.

ಚಿಲ್ಲರೆ ಡೇಟಾ ಪ್ಯಾಕ್ ನೋಡಿ ಮರುಳಾಗಬೇಡಿ. 19, 22 ರೂಪಾಯಿಗೆ 1 ಜಿಬಿ ಅಂತ ಇದೆ. ಅದು ಒಂದೇ ದಿನಕ್ಕೆ. ಹಬ್ಬಕ್ಕೆ ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡೋಕೆ ಸರಿ. ದಿನಾ ಹಾಕಿಸೋಕೆ ಅಲ್ಲ. ಅದೂ ಅಲ್ಲದೆ ಮೊದಲೇ ಒಂದು ಮೂಲ ಪ್ಯಾಕ್ ಇದ್ದರೆ ಮಾತ್ರ ನಡೆಯುತ್ತದೆ. ಬರೀ ಕರೆಯ ಪ್ಯಾಕ್ ಮೇಲೆ ಹಾಕಿಸುವ ಮೊದಲು ಕೇಳಿಯೇ ದುಡ್ಡು ಕೊಡಿ, ಹಾಕಿದ ಮೇಲೆ ವಾಪಸ್ ಬರುವುದಿಲ್ಲ.

5ಜಿ ಅನ್‌ಲಿಮಿಟೆಡ್ ಅಂತ ಆಸೆ ಬೇಡ. ಹೋದ ವರ್ಷದ ದರ ಏರಿಕೆ ಆದಮೇಲೆ ಅದು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪ್ಯಾಕ್‌ಗಳಿಗೆ ಮಾತ್ರ.

ಸಾಲಗಾಮೆ ರಸ್ತೆ ಹಾಸ್ಟೆಲ್
ಜುಲೈ 10

ನಾನೂ ಒಂದು ಉಪಯೋಗದ ಮಾತು ಹೇಳ್ತೀನಿ, ಬೈಬೇಡಿ. ಅಕ್ಕಾ, 1.7 ಜಿಬಿಯಲ್ಲೂ ಅರ್ಧ ವೇಸ್ಟ್ ಇರುತ್ತೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾದಲ್ಲಿ ವಿಡಿಯೋ ತಾನಾಗೇ ಡೌನ್‌ಲೋಡ್ ಆಗೋದನ್ನ ತೆಗೆದುಬಿಡಿ. ಶುಭೋದಯ ವಿಡಿಯೋಗಳೇ ಎಲ್ಲಾ ತಿನ್ನೋದು. ಪ್ಲೇ ಸ್ಟೋರ್‌ನಲ್ಲಿ ಆಪ್ ಅಪ್‌ಡೇಟ್ ವೈಫೈ ಇದ್ದಾಗ ಮಾತ್ರ ಅಂತ ಹಾಕಿ. ಫೋಟೋ ಬ್ಯಾಕಪ್ ಕೂಡ ಹಾಗೇ. ನೀವು ಊರಿಗೆ ಹೋದಾಗ ನಿಮ್ಮ ಹಾಟ್‌ಸ್ಪಾಟ್‌ನಲ್ಲಿ ಎಲ್ಲಾ ಅಪ್‌ಡೇಟ್ ಮಾಡಿಬಿಡಿ. ಯುಪಿಐಗೆ ಡೇಟಾ ಹೆಚ್ಚೇನೂ ಬೇಡ. ನೆಟ್ ಇಲ್ಲದಿದ್ದರೂ *99# ಒತ್ತಿ ದುಡ್ಡು ಕಳಿಸಬಹುದು.

ಯೂಟ್ಯೂಬ್‌ನಲ್ಲಿ ಅಡುಗೆ ವಿಡಿಯೋ ನೋಡ್ತಾರಾ? ವಿಡಿಯೋ ಕ್ವಾಲಿಟಿ 144ಕ್ಕೆ ಇಟ್ಟುಬಿಡಿ. ಸಾರಿನ ಬಣ್ಣ ಸರಿಯಾಗಿ ಕಾಣಲ್ಲ ಅಷ್ಟೇ.

ಲೆಕ್ಕದ ಮೇಷ್ಟ್ರು
ಜುಲೈ 11

ಶಹಬ್ಬಾಸ್ ಮರಿ.

ಅಮ್ಮು, ನನ್ನ ಅಭಿಪ್ರಾಯ ಇದು. ಅಲ್ಲಿ ಸಿಗ್ನಲ್ ಇದ್ದರೆ 2,249ರ ವರ್ಷದ ಪ್ಯಾಕ್. 199ನ್ನು 13 ಸಲ ಹಾಕಿಸಿದರೆ 2,587 ಆಗುತ್ತದೆ, 26 ಜಿಬಿ. ವರ್ಷದ್ದರಲ್ಲಿ 338 ರೂಪಾಯಿ ಉಳಿತಾಯ, ಡೇಟಾ 4 ಜಿಬಿ ಜಾಸ್ತಿ. ಈಗಿನ 349ಕ್ಕೆ ಹೋಲಿಸಿದರೆ ವರ್ಷಕ್ಕೆ 2,288 ರೂಪಾಯಿ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಳೆಗಾಲದ ನಡುವೆ ಸಿಮ್ ಸಾಯುವುದಿಲ್ಲ.

ಹಾನುಬಾಳು ಅಮ್ಮು
ಜುಲೈ 13

ನಿನ್ನೆ ಊರಿಗೆ ಹೋಗಿದ್ದೆ. ಮೇಷ್ಟ್ರು ಹೇಳಿದ ಲೆಕ್ಕ ಪೂರ್ತಿ ಅಮ್ಮನ ಮುಂದೆ ಇಟ್ಟೆ. ಅಮ್ಮ ಕೇಳಿದರು, ತಲೆಯಾಡಿಸಿದರು, ಆಮೇಲೆ "ಈಗ ಎರಡು ಸಾವಿರ ಎಲ್ಲಿಂದ ತರಲಿ" ಅಂದರು.

ನಾನು ಹಾಕಿಸುತ್ತೇನೆ ಅಂದೆ. ಬೇಡವೇ ಬೇಡ ಅಂದರು. ತಮ್ಮ ಫೋನಿನ ಖರ್ಚು ತಮ್ಮದೇ ಆಗಬೇಕಂತೆ. ಜುಲೈನಲ್ಲಿ ಕೈಯಲ್ಲಿ ದುಡ್ಡಿಲ್ಲ. ಗೊಬ್ಬರ, ಮರಗಸಿ, ಕೂಲಿ ಎಲ್ಲ ಆಗಿ ಪೆಟ್ಟಿಗೆ ಖಾಲಿ. ಹಾಲಿನ ದುಡ್ಡಲ್ಲೇ ಮನೆ ನಡೆಯುತ್ತಿದೆ. ಕಾಫಿ ಕೊಯ್ದು, ಒಣಗಿಸಿ, ಮಾರಿದ ಮೇಲೆ ವರ್ಷದ್ದು ಒಟ್ಟಿಗೆ ಹಾಕಿಸುತ್ತಾರಂತೆ.

ನನಗೆ ಇದು ಹೊಳೆದೇ ಇರಲಿಲ್ಲ. ದಿನಕ್ಕೆ ಕಡಿಮೆ ಬೀಳುವ ಪ್ಯಾಕ್ ಬೇಕೆಂದರೆ ಕೈಯಲ್ಲಿ ಒಟ್ಟಿಗೆ ಎರಡು ಸಾವಿರ ಇರಬೇಕು. ಇಲ್ಲದವರು 28 ದಿನಕ್ಕೊಮ್ಮೆ ಜಾಸ್ತಿ ಕೊಡುತ್ತಾ ಇರಬೇಕು.

ಕೊನೆಗೆ 84 ದಿನದ್ದಕ್ಕೆ ಒಪ್ಪಿದರು. ನಾಳೆ 548 ಹಾಕಿಸುತ್ತೇನೆ. ದುಡ್ಡು ನನ್ನ ಕೈಗೆ ಎಣಿಸಿ ಕೊಟ್ಟಿದ್ದಾರೆ, ಎಂಟು ರೂಪಾಯಿ ಚಿಲ್ಲರೆ ಸಮೇತ.

ಆಲೂರು ಶುಂಠಿ
ಜುಲೈ 13

ಅಮ್ಮನಿಗೆ ನನ್ನದೊಂದು ನಮಸ್ಕಾರ ಹೇಳಿ. ಬೆಳೆಗಾರರ ಕಡೆ ವರ್ಷ ಶುರುವಾಗುವುದು ಕೊಯ್ಲು ಮುಗಿದ ಮೇಲೆ. ನಮ್ಮ ಮನೆಯಲ್ಲೂ ಟಿವಿ ದುಡ್ಡು, ವಿಮೆ, ಎಲ್ಲ ಶುಂಠಿ ಕಿತ್ತ ತಿಂಗಳಿಗೇ ಕಾಯುತ್ತವೆ.

ಮೂಡಿಗೆರೆ ಮಳೆ
ಜುಲೈ 14

84 ದಿನ ಅಂದರೆ ಎಣಿಸಿಕೊಳ್ಳಿ. ಇವತ್ತು ಹಾಕಿಸಿದರೆ ಅಕ್ಟೋಬರ್ 5ಕ್ಕೆ ಮುಗಿಯುತ್ತದೆ. ಮಳೆಗಾಲ ದಾಟುತ್ತೀರಿ. ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮೆಸೇಜ್ ನಂಬಿ ಕೂರಬೇಡಿ. ಕಂಪನಿಯ ಮೆಸೇಜ್ ಇಂಗ್ಲಿಷ್‌ನಲ್ಲಿ ಬಂದರೆ ಅಮ್ಮಂದಿರು ಓದುವುದಿಲ್ಲ.

ಬಿ.ಎಂ. ರಸ್ತೆ ಅಂಗಡಿ
ಅಕ್ಟೋಬರ್ 4

ಈ ಮಾತುಕತೆ ನಿಂತು ಹೋಗಿತ್ತು. ನಡುವೆ ಆದದ್ದು ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ಜಿಯೋ, ಏರ್‌ಟೆಲ್ ಎರಡರ ಆನ್‌ಲೈನ್ ಪಟ್ಟಿಯಿಂದಲೂ ದಿನಕ್ಕೆ 1 ಜಿಬಿಯ 249ರ ಪ್ಯಾಕ್ ಹೋಯಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು ಅಂತ ಹತ್ತಾರು ಜನ ಅಂಗಡಿಗೆ ಬಂದು ರೀಚಾರ್ಜ್ ಎಷ್ಟು ಕಡಿಮೆ ಆಯ್ತು ಅಂತ ಕೇಳಿದರು. ಆಗಿಲ್ಲ. ಮೊಬೈಲ್ ಸೇವೆಗೆ 18 ಪರ್ಸೆಂಟ್ ಹಾಗೇ ಇದೆ. 199ರಲ್ಲಿ 30 ರೂಪಾಯಿ ತೆರಿಗೆ. ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಚಾಲನೆ ಕೊಟ್ಟರು, ದೇಶದಲ್ಲಿ 97,500 ಟವರ್ ಅಂತ. ಮೂಡಿಗೆರೆಯವರೇ, ನಿಮ್ಮ ಗುಡ್ಡದ ಆ ಕಡೆ ಏನು ಸಮಾಚಾರ?

ಮೂಡಿಗೆರೆ ಮಳೆ
ಅಕ್ಟೋಬರ್ 4

ಕಡ್ಡಿ ಎಣಿಸುತ್ತಾ ಇದ್ದೇನೆ.

ಹಾನುಬಾಳು ಅಮ್ಮು
ಅಕ್ಟೋಬರ್ 6

ಎಲ್ಲರಿಗೂ ಮತ್ತೆ ನಮಸ್ಕಾರ. 84 ದಿನಕ್ಕೆ ಅಮ್ಮ ಬಳಸಿದ್ದು 4.3 ಜಿಬಿ. ಹಾಸ್ಟೆಲ್ ತಮ್ಮ ಹೇಳಿದ ಹಾಗೆ ವಾಟ್ಸಾಪ್ ಡೌನ್‌ಲೋಡ್ ನಿಲ್ಲಿಸಿದ್ದು ಕೆಲಸ ಮಾಡಿತು. 2.7 ಜಿಬಿ ಉಳಿದು ಹೋಯಿತು, ಅದಕ್ಕೆ ಅಮ್ಮನಿಗೆ ಸ್ವಲ್ಪ ಸಂಕಟ. "ಮಿಕ್ಕಿದ್ದು ಮುಂದಕ್ಕೆ ಸೇರಿಸಲ್ವಾ?" ಅಂತ ಎರಡು ಸಲ ಕೇಳಿದರು. ಇಲ್ಲಮ್ಮಾ ಅಂದೆ.

ಇವತ್ತು ಮತ್ತೆ 548 ಹಾಕಿಸಿದೆ. ಡಿಸೆಂಬರ್ 28ರವರೆಗೆ ಇದೆ. ಆ ಹೊತ್ತಿಗೆ ಕಾಫಿ ಕಣದಲ್ಲಿರುತ್ತದೆ. ವರ್ಷದ್ದು ಹಾಕಿಸುವುದು ಮೆಣಸು ಮಾರಿದ ಮೇಲೋ ಮೊದಲೋ ಅನ್ನುವುದನ್ನು ಅಮ್ಮ ದರ ನೋಡಿ ಹೇಳುತ್ತಾರಂತೆ.

ಆನೆ ಮೆಸೇಜ್ ಸರಿಯಾಗಿ ಬರುತ್ತಿದೆ. ಮೊನ್ನೆ ರಾತ್ರಿ ಬಂದ ಮೆಸೇಜನ್ನು ಅಮ್ಮನೇ ಪಕ್ಕದ ಮನೆಗೆ ಫೋನ್ ಮಾಡಿ ಓದಿ ಹೇಳಿದರಂತೆ. ಅವರ ಪ್ಯಾಕ್ ಮುಗಿದಿತ್ತು, ಆದರೆ ಒಳಗೆ ಬರುವ ಕರೆ ಇನ್ನೂ ನಿಂತಿರಲಿಲ್ಲ. ಈಗ ಅವರಿಗೂ 84 ದಿನದ್ದೇ ಬೇಕಂತೆ. ನಾಳೆ ಅಂಗಡಿಗೆ ಬರುತ್ತೇನೆ ಅಣ್ಣಾ, ಬಿ.ಎಂ. ರಸ್ತೆಯಲ್ಲಿ ನಿಮ್ಮ ಅಂಗಡಿ ಯಾವ ಕಡೆಗೆ?